ಚಳಿಗೆ ಸ್ಟಾರ್ಟ್ ಆಗದ ಪದ್ಮಿನಿ: ಹಳೇ ಸೋಲೆಕ್ಸ್ ರಿಪೇರಿಯೋ, ಹೊಸ ಕಾರ್ಬುರೇಟರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಸೋಲೆಕ್ಸ್ ಕಂಪನಿಯ ಕಾರ್ಬುರೇಟರ್‌ಗೇ, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗಕ್ಕೇ. ಮಡಿಕೇರಿಯ ಡಿಸೆಂಬರ್ ಚಳಿಯಲ್ಲಿ ನನ್ನ 1986ರ ಪ್ರೀಮಿಯರ್ ಪದ್ಮಿನಿಗೆ ಎರಡನ್ನೂ ಹಾಕಿ ಓಡಿಸಿದ್ದೇನೆ. ಈಗ ಹೊಸದು ಡಬ್ಬದಲ್ಲಿದೆ, ಹಳೇದು ಎಂಜಿನ್ ಮೇಲಿದೆ.

ಮಧ್ಯಾಹ್ನವಾದರೆ ಗಾಡಿ ಥಟ್ಟನೆ ಸ್ಟಾರ್ಟ್ ಆಗುತ್ತಿತ್ತು. ಬೆಳಿಗ್ಗೆ ಮಂಜಿನಲ್ಲಿ ಮಾತ್ರ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸುಸ್ತಾಗುತ್ತಿತ್ತು. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಆ ಕೊರತೆ ತುಂಬಲಿಕ್ಕೇ ಚೋಕ್ ಇರುವುದು. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಇದಕ್ಕೆ ಸಹಾಯ ಮಾಡುವುದಿಲ್ಲ. ಎಥನಾಲ್ ಆವಿಯಾಗಲು ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಬೇಕು. ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಳೇ ಜೆಟ್‌ಗಳ ಅಳತೆಗೆ ಮಿಶ್ರಣವೂ ಸ್ವಲ್ಪ ತೆಳುವಾಗುತ್ತದೆ.

"ಹಳೇದಕ್ಕೆ ಸುಮ್ನೆ ದುಡ್ಡು ಸುರೀಬೇಡಿ ಸಾರ್, ಹೊಸದು ಹಾಕಿ, ಒಂದೇ ಸೆಲ್ಫ್‌ಗೆ ಏಳುತ್ತೆ" ಎಂದರು ಅಂಗಡಿಯವರು. ಸೋಲೆಕ್ಸ್ ಮಾದರಿಯದೇ, ಆದರೆ ಬೇರೆ ಕಂಪನಿಯದು. ನೋಡಲಿಕ್ಕೆ ಹೊಳೆಯುತ್ತಿತ್ತು. ಬೋಲ್ಟ್ ತೂತು ಸರಿ ಕೂತಿತು, ಪೆಟ್ರೋಲ್ ಪೈಪ್ ಸರಿ ಕೂತಿತು. ಕೈಕೊಟ್ಟಿದ್ದು ಚೋಕ್ ಲಿವರ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಸೋಲೆಕ್ಸ್‌ನಲ್ಲಿ ಗಾಳಿ ಮುಚ್ಚುವ ತಗಡಿನ ಚೋಕ್ ಇಲ್ಲ. ಪಕ್ಕದಲ್ಲಿ ಒಂದು ಚಿಕ್ಕ ಲಿವರ್, ಅದರ ಹಿಂದೆ ತೂತುಗಳಿರುವ ಒಂದು ಬಿಲ್ಲೆ ಇರುತ್ತದೆ. ಡ್ಯಾಶ್‌ಬೋರ್ಡಿನ ಗುಂಡಿ ಎಳೆದರೆ ಕೇಬಲ್ ಆ ಲಿವರನ್ನು ತಿರುಗಿಸುತ್ತದೆ. ತೂತಿಗೆ ತೂತು ಎದುರಾದಾಗ ಹೆಚ್ಚುವರಿ ಪೆಟ್ರೋಲ್ ಥ್ರಾಟಲ್‌ನ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ತಗಡಿನ) ಕೆಳಗೆ ನೇರ ಎಂಜಿನ್‌ಗೆ ಹೋಗುತ್ತದೆ. ಅದನ್ನು ಎಳೆದುಕೊಳ್ಳುವುದು ಎಂಜಿನ್ನಿನ ಹೀರುವಿಕೆ. ಹಾಗಾಗಿ ಸೆಲ್ಫ್ ಹೊಡೆಯುವಾಗ ಆಕ್ಸಿಲರೇಟರ್ ಮೇಲೆ ಕಾಲಿಡಬಾರದು. ಒತ್ತಿದರೆ ಥ್ರಾಟಲ್ ತೆರೆದು ಹೀರುವಿಕೆ ಕಡಿಮೆಯಾಗುತ್ತದೆ, ಚೋಕ್ ಎಳೆದೂ ಎಳೆಯದ ಹಾಗೆ.

ಹೊಸದರಲ್ಲಿ ಈ ಲಿವರ್ ಕೂತಿದ್ದ ಕೋನವೇ ಬೇರೆ. ಗುಂಡಿಯನ್ನು ಪೂರ್ತಿ ಎಳೆದರೂ ಲಿವರ್ ಕೊನೆ ಮುಟ್ಟುವುದಕ್ಕೆ ಒಂದು ಬೆರಳು ದಪ್ಪ ಬಾಕಿ ಇರುತ್ತಿತ್ತು. ಒಳಗೆ ತೂತುಗಳು ಅರ್ಧ ಮಾತ್ರ ತೆರೆಯುತ್ತಿದ್ದವು. ಸರಿ, ಕೇಬಲ್ ಬಿಗಿ ಮಾಡಿಸಿದೆ. ಬೆಳಿಗ್ಗೆ ಎದ್ದಿತು, ಖುಷಿಯಾಯಿತು. ಆದರೆ ಗುಂಡಿ ಒಳಗೆ ತಳ್ಳಿದಾಗ ಲಿವರ್ ಪೂರ್ತಿ ವಾಪಸ್ ಬರಲಿಲ್ಲ. ಎಂಜಿನ್ ಬಿಸಿಯಾದ ಮೇಲೂ ಚೋಕ್ ಸ್ವಲ್ಪ ತೆರೆದೇ ಇತ್ತು. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಗುಡುಗುಡು ಎನ್ನುತ್ತಿತ್ತು, ಪ್ಲಗ್ ಬಿಚ್ಚಿದರೆ ಮಸಿ, ಪೆಟ್ರೋಲ್ ಕುಡಿಯುವುದಂತೂ ಕೇಳಬೇಡಿ.

ಮೆಕ್ಯಾನಿಕ್ ಕೇಬಲ್ ಹಿಡಿಯುವ ಕ್ಲಾಂಪ್ ಬಗ್ಗಿಸಿದರು. ಆಗ ಅದು ಏರ್ ಕ್ಲೀನರ್‌ಗೆ ತಾಗಿತು. ಕ್ಲಾಂಪ್ ತಿರುಗಿಸಿ ಹಾಕಿದರೆ ಕೇಬಲ್ ಮಡಚಿ ಗುಂಡಿಯೇ ಬಿಗಿಯಾಯಿತು. ಲಿವರ್ ಓಡಬೇಕಾದ ದೂರ ಜಾಸ್ತಿ, ಕೇಬಲ್ ಎಳೆಯುವ ದೂರ ಕಡಿಮೆ. ಇದಕ್ಕೆ ಅಡ್ಜಸ್ಟ್‌ಮೆಂಟ್ ಎಲ್ಲಿಂದ ಬರಬೇಕು? ಅಂಗಡಿಯವರು ವಾಪಸ್ ತೆಗೆದುಕೊಳ್ಳಲೂ ಇಲ್ಲ.

ಹಳೇದನ್ನು ಬಿಚ್ಚಿಸಿದೆ. ಚೋಕಿಗೆಂದೇ ಇರುವ ಸ್ಟಾರ್ಟರ್ ಜೆಟ್ಟನ್ನು ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣಲೇ ಇಲ್ಲ. ಒಣಗಿದ ಪೆಟ್ರೋಲ್ ಕಂದು ಅಂಟಾಗಿ ತೂತನ್ನು ಮುಚ್ಚಿತ್ತು. ಕಾರ್ಬುರೇಟರ್ ಕ್ಲೀನರ್‌ನಲ್ಲಿ ನೆನೆಸಿ ಗಾಳಿ ಹೊಡೆಸಿದ ಮೇಲೆ ಸೂಜಿಮೊನೆಯಷ್ಟು ಬೆಳಕು ಬಂತು. ತಂತಿ ಹಾಕಿ ಚುಚ್ಚಬೇಡಿ, ಹಿತ್ತಾಳೆ ಸವೆದು ತೂತು ದೊಡ್ಡದಾಗುತ್ತದೆ. ರಿಪೇರಿ ಕಿಟ್‌ನಲ್ಲಿ ಬಂದ ನೀಡಲ್ ವಾಲ್ವ್ (ಒಳಬರುವ ಪೆಟ್ರೋಲ್ ತಡೆಯುವ ಸೂಜಿ), ಪ್ಯಾಕಿಂಗ್ ಹಾಕಿಸಿದೆ. ಥ್ರಾಟಲ್ ತಿರುಗುವ ಕಡ್ಡಿ, ಅಂದರೆ ಸ್ಪಿಂಡಲ್, ಅಲ್ಲಾಡುತ್ತಿತ್ತು, ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿತ್ತು. ಲೇತ್‌ನಲ್ಲಿ ಬುಶ್ ಮಾಡಿಸಿ ಕೂರಿಸಿದೆವು. ಎಲ್ಲಾ ಸೇರಿ ಹೊಸದರ ಅರ್ಧ ಬೆಲೆಯೂ ಆಗಲಿಲ್ಲ. ಈಗ ಚೋಕ್ ಎಳೆದು, ಕಾಲು ದೂರ ಇಟ್ಟು ಸೆಲ್ಫ್ ಹೊಡೆದರೆ ಚಳಿಯಲ್ಲೂ ಏಳುತ್ತದೆ.

ಎಲೆಕ್ಟ್ರಿಕ್ ಪೆಟ್ರೋಲ್ ಪಂಪನ್ನೂ ಹಾಕಿ ನೋಡಿದೆ. ವಾರಗಟ್ಟಲೆ ನಿಂತ ಗಾಡಿಯ ಫ್ಲೋಟ್ ಚೇಂಬರ್ (ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ಒಣಗಿರುತ್ತದಲ್ವಾ, ಅದನ್ನು ಬೇಗ ತುಂಬುತ್ತದೆ. ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಈ ಕಾರ್ಬುರೇಟರ್‌ಗೆ 2ರಿಂದ 3 ಪಿಎಸ್‌ಐ ಒತ್ತಡ ಸಾಕು. ಅದಕ್ಕಿಂತ ಜಾಸ್ತಿಯಾದರೆ ನೀಡಲ್ ತಡೆಯದೆ ಪೆಟ್ರೋಲ್ ಉಕ್ಕುತ್ತದೆ. ಅಪಘಾತವಾದರೆ ಪಂಪ್ ತಾನಾಗಿ ನಿಲ್ಲುವ ಸ್ವಿಚ್ ಬೇರೆ ಹಾಕಿಸಬೇಕು. ನಾನು ಹೆಚ್ಚೆಂದರೆ ವಾರಕ್ಕೊಮ್ಮೆ ಕುಶಾಲನಗರಕ್ಕೆ ಹೋಗಿಬರುವವನು, ನನಗೆ ಅಷ್ಟು ರಗಳೆ ಬೇಡವಾಯಿತು.

ಪ್ಲಗ್‌ಗೆ ಕಿಡಿ ಕೊಡಲು ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಚೆನ್ನಾಗಿಯೇ ಇರುತ್ತದೆ, ಆದರೆ ಹಳೇ ಪದ್ಧತಿಯ ಕಾಂಟ್ಯಾಕ್ಟ್ ಪಾಯಿಂಟ್ ಆದರೆ ದಾರಿಯಲ್ಲೇ ಉಜ್ಜಿಕೊಳ್ಳಬಹುದು.

ಯಾವುದನ್ನೇ ಕೊಳ್ಳುವ ಮೊದಲು ಮೂರು ಕೆಲಸ ಮಾಡಿ. ಒಬ್ಬರಿಗೆ ಚೋಕ್ ಎಳೆಯಲು ಹೇಳಿ, ನೀವು ಬಾನೆಟ್ ಎತ್ತಿ ಲಿವರ್ ಎರಡೂ ಕೊನೆ ಮುಟ್ಟುತ್ತದೆಯೇ ನೋಡಿ. ಆಮೇಲೆ ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಬ್ಯಾಟರಿ ಮೈನಸ್‌ನಿಂದ ಬರುವ ಅರ್ಥ್ ಕೇಬಲ್ ಬಿಚ್ಚಿ ತುಕ್ಕು ಉಜ್ಜಿ. ನಮ್ಮ ಕಡೆಯ ತೇವಕ್ಕೆ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೂ ಒಣಬಟ್ಟೆ ಆಡಿಸಿ.

ನಿಮ್ಮ ಹಳೇ ಕಾರ್ಬುರೇಟರಿನ ಮೈ ಬಿರುಕು ಬಿಟ್ಟಿದ್ದರೆ ಹೊಸದು ಕೊಳ್ಳದೆ ಬೇರೆ ದಾರಿಯಿಲ್ಲ. ಆಗ ಹಳೇದನ್ನು ಜೊತೆಗೇ ಅಂಗಡಿಗೆ ಒಯ್ಯಿರಿ. ಎರಡನ್ನೂ ಮೇಜಿನ ಮೇಲಿಟ್ಟು ಚೋಕ್ ಲಿವರ್ ತಿರುಗಿಸಿ ಅಳೆದು ನೋಡಿ, ದುಡ್ಡು ಆಮೇಲೆ ಕೊಡಿ.