ದುರ್ಗಿಗುಡಿಯ ಒಂದು ಕಂಪ್ಯೂಟರ್ ಸೆಂಟರ್: ಕೆಲಸ ಅಚ್ಚುಕಟ್ಟು, ತಕರಾರು ಗೋಡೆಯ ಮೇಲಿನ ನಂಬರಿನದು

ಶಿವಮೊಗ್ಗದ ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿರುವ ಈ ಕಂಪ್ಯೂಟರ್ ಸೆಂಟರಿಗೆ ಕಳೆದ ಮಳೆಗಾಲದಿಂದ ಈವರೆಗೆ ಆರು ಸಲ ಹೋಗಿದ್ದೇನೆ. ಎರಡು ಸಲ ಪಹಣಿಗಾಗಿ, ಮೂರು ಸಲ ತಂಗಿಯ ಮಗಳ ವಿದ್ಯಾರ್ಥಿವೇತನದ ಅರ್ಜಿಗಾಗಿ, ಒಂದು ಸಲ ಆಧಾರ್ ಮುದ್ರಣಕ್ಕಾಗಿ. ತೀರ್ಥಹಳ್ಳಿ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವವರಿಗೆ ಕೆಲಸ ಅಂದೇ ಮುಗಿಯುವುದು ಮುಖ್ಯ. ಆ ವಿಷಯದಲ್ಲಿ ಇಲ್ಲಿ ಯಾವ ದೂರೂ ಇಲ್ಲ. ಕರೆಂಟು ಹೋದರೆ ಯುಪಿಎಸ್ ಇದೆ, ದರ ಕೇಳಿದರೆ ಮೊದಲೇ ಹೇಳುತ್ತಾರೆ, ಚಿಲ್ಲರೆಗೆ ತಕರಾರು ಮಾಡುವುದಿಲ್ಲ. ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಮುಂದೆ ಹೇಳಲಿರುವ ಲೋಪವನ್ನು ಸರಿಪಡಿಸಿಕೊಳ್ಳುತ್ತೇನೆಂದು ಮಾಲೀಕರು ಒಪ್ಪಿಕೊಂಡಿದ್ದಾರೆ. ಅದಕ್ಕೆ ಅವಕಾಶ ಕೊಡುವುದು ನ್ಯಾಯ.

ನಾನು ಇಂಥ ಅಂಗಡಿಗಳನ್ನು ಅಳೆಯುವ ಅಳತೆ ಒಂದೇ: ನಾನು ಎದ್ದು ಹೋದ ಮೇಲೆ ನನ್ನ ಕಾಗದ ಎಲ್ಲಿ ಉಳಿಯುತ್ತದೆ? ಈ ಅಳತೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ಬೇರೊಂದು ಊರಿನ ಬೇರೊಂದು ಅಂಗಡಿಯಲ್ಲಿ ನನ್ನ ಕಡತವನ್ನು ಹುಡುಕುತ್ತಿದ್ದ ಹುಡುಗ, ತೆರೆಯ ತುಂಬ ಹರಡಿಕೊಂಡಿದ್ದ ಪಿಡಿಎಫ್‌ಗಳಲ್ಲಿ ಒಂದನ್ನು ಕೈತಪ್ಪಿ ಒತ್ತಿದಾಗ, ಯಾರದೋ ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಶೇಷದ ಮೊತ್ತದ ಸಮೇತ ನನ್ನ ಮುಂದೆ ತೆರೆದುಕೊಂಡಿತ್ತು. ನನ್ನದೂ ಹೀಗೆಯೇ ಮುಂದಿನವರ ಕಣ್ಣಿಗೆ ಬಿದ್ದಿರಬೇಕು ಎಂದುಕೊಂಡು ಸುಮ್ಮನೆ ಹೊರಟು ಬಂದಿದ್ದೆ.

ದುರ್ಗಿಗುಡಿಯ ಈ ಅಂಗಡಿಯಲ್ಲಿ ನಡೆದದ್ದು ಬೇರೆ. ಓಟಿಪಿ ಬಂದಾಗ ಮಾಲೀಕರು ಅದನ್ನು ಓದಿ ಹೇಳಿ ಎನ್ನಲಿಲ್ಲ. ಕೀಲಿಮಣೆಯನ್ನು ನನ್ನ ಕಡೆ ತಿರುಗಿಸಿ, ತಾವು ರಸ್ತೆಯ ಮಳೆ ನೋಡುತ್ತ ನಿಂತರು. ಆಧಾರಿನ ಪೂರ್ತಿ ಪ್ರತಿ ಬೇಕೋ, ಮೊದಲ 8 ಅಂಕಿಗಳನ್ನು ಮರೆಮಾಡಿ ಕೊನೆಯ 4 ಅಂಕಿಗಳನ್ನಷ್ಟೇ ತೋರಿಸುವ ಪ್ರತಿ ಸಾಕೋ ಎಂದು ಕೇಳಿದರು. ಆಧಾರ್ ಪ್ರಾಧಿಕಾರವೇ ಒದಗಿಸುವ ಈ ಎರಡನೆಯ ಪ್ರತಿಯ ಬಗ್ಗೆ ನನಗೆ ಹೇಳಿದ ಮೊದಲ ಅಂಗಡಿಯವರು ಇವರು. ಮುದ್ರಣವಾದ ಕೂಡಲೇ ಕಡತವನ್ನು ಶಿಫ್ಟ್ ಹಿಡಿದು ಡಿಲೀಟ್ ಮಾಡಿ, ಡೌನ್‌ಲೋಡ್ ಪಟ್ಟಿ ಖಾಲಿಯಾದದ್ದನ್ನು ನನಗೆ ತೋರಿಸಿದರು. ಇದನ್ನು ಅತಿ ಎಂದುಕೊಳ್ಳುವವರು ಒಂದು ಮಾತನ್ನು ಗಮನಿಸಬೇಕು. ಇ-ಆಧಾರ್ ಕಡತಕ್ಕೆ ಪಾಸ್‌ವರ್ಡ್ ಇದೆ ನಿಜ, ಆದರೆ ಅದು ನಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ಇಸವಿ. ಊರಿನಲ್ಲಿ ನಮ್ಮನ್ನು ಬಲ್ಲ ಯಾರಿಗೂ ಅದು ಬೀಗವೇ ಅಲ್ಲ. ಕಡತ ಯಂತ್ರದಲ್ಲಿ ಉಳಿಯದಿರುವುದೊಂದೇ ಅದಕ್ಕಿರುವ ನಿಜವಾದ ರಕ್ಷಣೆ.

ಇಲ್ಲಿಗೆ ಹೊಗಳಿಕೆ ಮುಗಿಯಿತು. ಕೌಂಟರಿನ ಮೇಲೆ ಉದ್ದನೆಯ ರಿಜಿಸ್ಟರ್ ಒಂದಿದೆ. ಸೈಬರ್ ಕೆಫೆಗಳಿಗಾಗಿ 2011ರಲ್ಲಿ ಬಂದ ನಿಯಮಗಳ ಪ್ರಕಾರ, ಕಂಪ್ಯೂಟರ್ ಬಳಸಲು ಬಂದವರ ಗುರುತನ್ನು ಬರೆದಿಟ್ಟು ಕನಿಷ್ಠ ಒಂದು ವರ್ಷ ಕಾಪಾಡಬೇಕು. ಬರೆಸಿಕೊಳ್ಳುವುದು ಸರಿ. ಆದರೆ ನಾನು ನನ್ನ ಸಾಲು ತುಂಬುವಾಗ ಮೇಲಿನ ಹತ್ತು ಮಂದಿಯ ಹೆಸರು, ಊರು, ಮೊಬೈಲ್ ಸಂಖ್ಯೆ ಎಲ್ಲವೂ ನನ್ನ ಕಣ್ಣ ಮುಂದೆಯೇ ಇದ್ದವು. ಮೇಲಿನ ಸಾಲುಗಳ ಮೇಲೆ ಒಂದು ರಟ್ಟಿನ ತುಂಡನ್ನಿಟ್ಟರೆ ತೀರುವ ದೋಷವಿದು.

ದೊಡ್ಡ ತಕರಾರು ಗೋಡೆಯ ಮೇಲಿತ್ತು. ‘ಪ್ರಿಂಟ್‌ಗೆ ಈ ನಂಬರಿಗೆ ವಾಟ್ಸಾಪ್ ಮಾಡಿ’ ಎಂದು ದಪ್ಪ ಅಕ್ಷರದಲ್ಲಿ ಅಂಟಿಸಿದ್ದ ಸಂಖ್ಯೆಗೆ ತಂಗಿಯ ಮಗಳ ಆದಾಯ ಪ್ರಮಾಣಪತ್ರವನ್ನು ಕಳಿಸಿದಾಗ, ಕೌಂಟರಿನ ಹಿಂದೆ ಕುಳಿತಿದ್ದ ಯುವತಿಯ ಚೀಲದೊಳಗಿನ ಫೋನು ಸದ್ದು ಮಾಡಿತು. ಅಂಗಡಿಯ ಫೋನು ಎಂದುಕೊಂಡಿದ್ದೆ.

“ನಿಮ್ಮದೇ ನಂಬರಾ ಅದು?” ಎಂದೆ.

“ಹೌದು ಸರ್, ಕೆಲಸಕ್ಕೆ ಸೇರಿದ ದಿನಾನೇ ಅಂಟಿಸಿದ್ದು. ರಾತ್ರಿ ಹನ್ನೊಂದಕ್ಕೂ ಕಳಿಸ್ತಾರೆ. ಪಿಡಿಎಫ್ ಬಂದ್ರೆ ಪರವಾಗಿಲ್ಲ, ‘ಊಟ ಆಯ್ತಾ’ ಅಂತಾನೂ ಬರುತ್ತೆ.”

ಒಂದೇ ಚೀಟಿಯಿಂದ ಇಬ್ಬರಿಗೆ ಅನ್ಯಾಯವಾಗುತ್ತಿದೆ ಎಂದು ನನಗೆ ಅನ್ನಿಸಿದ್ದು ಆಗ. ಗಿರಾಕಿಗಳ ಪ್ರಮಾಣಪತ್ರಗಳು ಕೆಲಸದವಳ ಸ್ವಂತ ಫೋನಿನಲ್ಲಿ ರಾಶಿ ಬೀಳುತ್ತಿವೆ. ಅವಳು ನಾಳೆ ಕೆಲಸ ಬಿಟ್ಟರೆ ಅವೂ ಅವಳೊಂದಿಗೆ ಹೋಗುತ್ತವೆ. ಮಾಲೀಕರು ಯಂತ್ರದಲ್ಲಿ ಅಷ್ಟು ಶ್ರದ್ಧೆಯಿಂದ ಅಳಿಸಿದ ಕಡತದ ಇನ್ನೊಂದು ಪ್ರತಿ ಆ ಚೀಲದಲ್ಲಿದೆ. ಇತ್ತ ಅವಳ ಸಂಖ್ಯೆಯೋ ಊರಿಗೆಲ್ಲ ಸಾರ್ವಜನಿಕ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರಾದ ಕೆ. ಎಸ್. ಪುಟ್ಟಸ್ವಾಮಿಯವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. ಅದರ ಬೆನ್ನಿಗೆ, ತಡವಾಗಿಯಾದರೂ, 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಕೆಲಸಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು, ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಬೇಕೆಂದವರಿಗೆ ಕನ್ನಡದಲ್ಲಿಯೂ ಕೊಡಬೇಕು ಎಂಬುದು ಅದರ ತಿರುಳು. ರಕ್ಷಣೆಯಲ್ಲಿ ಸೋತವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಆ ಮೊತ್ತ ದೊಡ್ಡ ಕಂಪನಿಗಳನ್ನು ಎದುರಿಗಿಟ್ಟುಕೊಂಡು ಬರೆದದ್ದು, ದುರ್ಗಿಗುಡಿಯ ಮಾಲೀಕರು ಕೇಳಿದರೆ ನಕ್ಕಾರು. ಇದೇ ಕಾಯ್ದೆ ನೌಕರಿಯ ಉದ್ದೇಶಕ್ಕಾಗಿ ನೌಕರರ ಮಾಹಿತಿಯನ್ನು ಒಪ್ಪಿಗೆಯಿಲ್ಲದೆಯೂ ಬಳಸಲು ಮಾಲೀಕರಿಗೆ ಸಾಕಷ್ಟು ಸಡಿಲ ಬಿಟ್ಟಿದೆ. ಹಾಗೆಂದು ಹುಡುಗಿಯ ಸ್ವಂತ ನಂಬರನ್ನು ಗೋಡೆಗೆ ಅಂಟಿಸುವುದು ನೌಕರಿಯ ಉದ್ದೇಶವೆಂದು ನಾನಂತೂ ಒಪ್ಪಲಾರೆ.

‘ಊಟ ಆಯ್ತಾ’ ಎಂಬುದು ಇನ್ನೂ ಮುಂದೆ ಹೋದರೆ ಅದಕ್ಕೆ ಬೇರೆಯೇ ಕಾನೂನಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯು, ಹೊರಗಿನಿಂದ ಬಂದುಹೋಗುವವರಿಂದಲೂ ನೌಕರಳನ್ನು ಕಾಪಾಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುತ್ತದೆ; ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಇಂಥ ಅಂಗಡಿಗಳಿಂದ ದೂರು ಹೋಗಬೇಕಾದದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ, ದೂರು ಕೊಟ್ಟವಳ ಗುರುತನ್ನು ಬಹಿರಂಗಪಡಿಸುವಂತಿಲ್ಲ. ಅವಳಿಗೆ ಇದನ್ನು ಹೇಳಿದೆ. “ಅಷ್ಟೆಲ್ಲ ಬೇಡ ಸರ್, ಬೇರೆ ಫೋನು ಕೊಟ್ಟರೆ ಸಾಕು” ಎಂದಳು.

ಮಾಲೀಕರಿಗೂ ಹೇಳಿದೆ. ಅವರು ವಾದಿಸಲಿಲ್ಲ. “ನಮಗೆ ಅದು ಹೊಳೀಲೇ ಇಲ್ಲ ನೋಡಿ” ಎಂದರು. ಆ ಮಾತು ನಿಜವಿದ್ದೀತು. ಓಟಿಪಿ ಹೊತ್ತಿನಲ್ಲಿ ಮುಖ ತಿರುಗಿಸುವಷ್ಟು ಸೂಕ್ಷ್ಮದ ಮನುಷ್ಯನಿಗೂ ಗಿರಾಕಿಯ ಗುಟ್ಟು ಕಂಡಂತೆ ಕೆಲಸದವಳ ಗುಟ್ಟು ಕಂಡಿರಲಿಲ್ಲ. ಸದ್ಯಕ್ಕೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಮುದ್ರಣದ ಕೆಲಸವಿದ್ದವರು ಧಾರಾಳವಾಗಿ ಹೋಗಬಹುದು, ಕಡತವನ್ನು ಪೆನ್‌ಡ್ರೈವಿನಲ್ಲಿ ಒಯ್ದರೆ ಒಳ್ಳೆಯದು.

ಕಳೆದ ವಾರ ಹೋದಾಗ ರಿಜಿಸ್ಟರಿನ ಮೇಲೆ ರಟ್ಟು ಬಂದಿತ್ತು. ಗೋಡೆಯ ಚೀಟಿಯ ಮೇಲೆ ಹೊಸ ಸಂಖ್ಯೆಯ ಚೀಟಿಯನ್ನೂ ಅಂಟಿಸಿದ್ದರು, ಅಂಗಡಿಗೆಂದೇ ಕೊಂಡ ಫೋನು ಮೇಜಿನ ಮೇಲೆ ಚಾರ್ಜಿಗಿತ್ತು. ಮಳೆಯ ತೇವಕ್ಕೆ ಹೊಸ ಚೀಟಿಯ ಒಂದು ಮೂಲೆ ಎದ್ದು, ಕೆಳಗಿನ ಹಳೆಯ ಸಂಖ್ಯೆಯ ಕೊನೆಯ ಮೂರು ಅಂಕಿ ಕಾಣುತ್ತಿದ್ದವು. ಅವಳು ಅದನ್ನು ಗೋಂದು ಹಚ್ಚಿ ಒತ್ತುತ್ತಿದ್ದಳು.