ಮನೆ ಸಾಮಾನು ಸಾಗಿಸುವ ಮುನ್ನ: ಖಾಲಿ ನಮೂನೆಗೆ ಸಹಿ ಹಾಕಿದವನ ಎಚ್ಚರಿಕೆ

ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಯಿಂದ ಧಾರವಾಡದ ನಮ್ಮ ಸ್ವಂತ ಮನೆಗೆ ಸಾಮಾನು ಬಂದು ಸೇರಲು ಒಂಬತ್ತು ದಿನ ಹಿಡಿಯಿತು. ದೂರ ಸುಮಾರು 430 ಕಿಲೋಮೀಟರ್. ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಚಹಾಕ್ಕೆ ಧಾರವಾಡದಲ್ಲಿರುತ್ತಾರೆ. ಆ ಒಂಬತ್ತು ದಿನಗಳಲ್ಲಿ ಹೆಚ್ಚಿನ ದಿನ ನಮ್ಮ ಸಾಮಾನು ನೆಲಮಂಗಲದ ಆಚೆಗಿನ ಯಾವುದೋ ಗೋದಾಮಿನಲ್ಲಿ, ನಾನು ಕೊಡಬೇಕೆಂದು ಅವರು ಹೇಳುತ್ತಿದ್ದ ಹಣಕ್ಕೆ ಒತ್ತೆಯಾಗಿ ಬಿದ್ದಿತ್ತು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ ನಾನು, ಸಾಲ ಕೇಳಿಕೊಂಡು ಬಂದವರಿಗೆಲ್ಲ ಖಾಲಿ ಬಿಟ್ಟ ಕಾಗದಕ್ಕೆ ಸಹಿ ಹಾಕಬೇಡಿ ಎಂದು ಹೇಳುತ್ತಿದ್ದವನು. (ಹಾಗೆ ಹೇಳುತ್ತಲೇ ಎಷ್ಟೋ ಸಲ ಖಾಲಿ ಕಾಗದಕ್ಕೆ ಸಹಿ ಪಡೆದದ್ದೂ ಉಂಟು, ಆ ಮಾತು ಬೇರೆ.) ಅಂಥ ನಾನೇ ನಮ್ಮ ಮನೆಯ ಬಾಗಿಲಲ್ಲಿ ನಿಂತು, ಲಾರಿಯ ಗಡಿಬಿಡಿಯಲ್ಲಿ, ಏನನ್ನೂ ತುಂಬದ ನಮೂನೆಗೆ ಸಹಿ ಹಾಕಿದೆ. ಮುಂದಿನದೆಲ್ಲ ಆ ಸಹಿಯಿಂದಲೇ ಆದದ್ದು.

ಆಷಾಢದಲ್ಲಿ ಮನೆ ಬದಲಿಸುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಯಲ್ಲೂ ಇದೆ. ಹಾಗಾಗಿ ಶ್ರಾವಣ ಹುಟ್ಟಿದ ಮೇಲೆಯೇ ಎಂದುಕೊಂಡೆವು. ಊರಿನ ಅರ್ಧ ಜನ ಹಾಗೆಯೇ ಅಂದುಕೊಂಡಿರುತ್ತಾರೆ. ಅದರ ಮೇಲೆ ತಿಂಗಳ ಕೊನೆ, ಒಂದನೇ ತಾರೀಖಿಗೆ ಹೊಸ ಬಾಡಿಗೆದಾರರು ಬರುತ್ತಾರೆಂದು ಮನೆ ಮಾಲೀಕರ ಒತ್ತಾಯ. ಇಬ್ಬರು ಸಾಗಣೆದಾರರು ಮನೆಗೆ ಬಂದು, ಅಲಮಾರಿಯ ಬಾಗಿಲು ತೆಗೆಸಿ, ಅಟ್ಟದ ಮೇಲೂ ಇಣುಕಿ ನೋಡಿ, ಒಬ್ಬರು 28,000 ಮತ್ತೊಬ್ಬರು 31,000 ರೂಪಾಯಿ ಎಂದರು. ಮೂರನೆಯವನು ಮನೆಗೆ ಬರಲೇ ಇಲ್ಲ. ಅಂತರಜಾಲದಲ್ಲಿ ನಂಬರು ಕೊಟ್ಟ ಹತ್ತು ನಿಮಿಷದೊಳಗೆ ಫೋನ್ ಮಾಡಿ, ಎರಡು ಕೋಣೆಯ ಮನೆ ತಾನೇ, ಎಲ್ಲ ಸೇರಿ 17,500 ಎಂದ. ಎಲ್ಲ ಸೇರಿ ಎಂದರೆ ಏನೇನು ಸೇರಿ ಎಂದು ನಾನು ಕೇಳಲಿಲ್ಲ. ಬಂದು ನೋಡದವನು ಕಡಿಮೆ ಬೆಲೆ ಹೇಳಲು ಕಾರಣ ಅವನ ಔದಾರ್ಯವಲ್ಲ. ಕಡೆಗೆ ವಸೂಲು ಮಾಡಬೇಕಾದ ಬೆಲೆಗೂ ಫೋನಿನಲ್ಲಿ ಹೇಳಿದ ಬೆಲೆಗೂ ಸಂಬಂಧವಿರಬೇಕಾಗಿಲ್ಲ ಎಂಬುದು ಅವನಿಗೆ ಮೊದಲೇ ಗೊತ್ತಿರುತ್ತದೆ. 3,000 ರೂಪಾಯಿ ಮುಂಗಡ ಕಳಿಸಿದೆ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಬರಬೇಕಾದ ಲಾರಿ ಮಧ್ಯಾಹ್ನ ಎರಡಕ್ಕೆ ಬಂತು. ಈ ತಡವೂ ಆಕಸ್ಮಿಕವಲ್ಲ ಎಂದು ಈಗ ಅನಿಸುತ್ತದೆ, ಏಕೆಂದರೆ ಕತ್ತಲಾಗುವ ಹೊತ್ತಿಗೆ ಯಾರಿಗೂ ಎಣಿಸುವ, ಬರೆಯುವ, ಪ್ರಶ್ನಿಸುವ ತಾಳ್ಮೆ ಉಳಿದಿರುವುದಿಲ್ಲ. ನಾಲ್ವರು ಹುಡುಗರು ಕೈಗೆ ಸಿಕ್ಕಿದ್ದನ್ನೆಲ್ಲ ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತ ಹೋದರು. ನಮ್ಮ ಅಮ್ಮನಿಗೆ ಎಂಬತ್ತೆರಡು ವರ್ಷ. ಅವರು ನಡೆಯಲು ಬಳಸುವ ವಾಕರನ್ನು ನಾನು ಬೇರೆ ತೆಗೆದಿಡಬೇಕೆಂದು ಬಾಗಿಲ ಹಿಂದೆ ನಿಲ್ಲಿಸಿದ್ದೆ. ನಾನು ಗ್ಯಾಸ್ ಸಿಲಿಂಡರನ್ನೂ ರೆಗ್ಯುಲೇಟರನ್ನೂ ಏಜೆನ್ಸಿಗೆ ಒಪ್ಪಿಸಿ, ಠೇವಣಿ ಹಿಂಪಡೆಯುವ ಚೀಟಿ ತೆಗೆದುಕೊಂಡು ಬರುವಷ್ಟರಲ್ಲಿ ಅದು ಮಂಚದ ಕಾಲುಗಳ ಜೊತೆ ಕಟ್ಟಿ ಲಾರಿಯ ಒಳಗಾಗಿತ್ತು. ಅಮ್ಮ ಗೋಡೆ ಹಿಡಿದು ಕಾರಿನ ತನಕ ಬಂದರು.

ಆರೂವರೆಗೆ ಮೇಲ್ವಿಚಾರಕ ಎನಿಸಿಕೊಂಡವನು ಒಂದು ಪುಸ್ತಕ ತಂದ. ಕೆಳಗೆ ಕಾರ್ಬನ್ ಕಾಗದವಿದ್ದ, ಗುಲಾಬಿ ಬಣ್ಣದ ಹಾಳೆ. ಕಳುಹಿಸುವವರ ಹೆಸರು ಮಾತ್ರ ತುಂಬಿತ್ತು. ನಗಗಳ, ಅಂದರೆ ಪೆಟ್ಟಿಗೆ ಗಂಟುಗಳ, ಸಂಖ್ಯೆ, ತೂಕ, ಸಾಮಾನಿನ ಮೌಲ್ಯ, ಬಾಡಿಗೆ ಎಲ್ಲವೂ ಖಾಲಿ. “ಸರ್, ಆಫೀಸಲ್ಲಿ ತುಂಬಿ ವಾಟ್ಸಾಪ್ ಮಾಡ್ತಾರೆ, ಲೇಟಾದ್ರೆ ಗಾಡಿ ಟ್ರಾಫಿಕ್ಕಲ್ಲಿ ಸಿಕ್ಕಾಕೊಳ್ಳತ್ತೆ” ಎಂದ. ಸಹಿ ಹಾಕಿದೆ. ಇನ್ನೂ 8,000 ಕೊಟ್ಟೆ. ನನ್ನ ಮಗಳು ಮಾತ್ರ, ಯಾರೂ ಹೇಳದಿದ್ದರೂ, ಹಿಂಬದಿಯ ಬಾಗಿಲು ಮುಚ್ಚುವ ಮೊದಲು ಲಾರಿಯ ಒಳಗಿನದ್ದೂ ನಂಬರ್ ಫಲಕದ್ದೂ ಫೋಟೊ ತೆಗೆದುಕೊಂಡಳು. ಹುಡುಗರು ಪೆಟ್ಟಿಗೆಗಳ ಮೇಲೆ ಮಾರ್ಕರ್‌ನಿಂದ ಅಂಕೆ ಬರೆದಿದ್ದರು. ಆ ಫೋಟೊದಲ್ಲಿ ಎಲ್ಲಕ್ಕಿಂತ ಮೇಲಿನ ಪೆಟ್ಟಿಗೆಯ ಮೇಲೆ 41 ಎಂದಿದೆ.

ಸೋಮವಾರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಪಕ್ಕದ ಮನೆಯವರು ಕೊಟ್ಟ ಒಲೆಯ ಮೇಲೆ ಹಾಲು ಉಕ್ಕಿಸಿ, ಚಾಪೆಯ ಮೇಲೆ ಕುಳಿತು ಲಾರಿಯ ದಾರಿ ನೋಡಿದೆವು. ಮಂಗಳವಾರ ಸಂಜೆ ಫೋನ್ ಬಂತು. ಲಾರಿ ಹೊರಟೇ ಇರಲಿಲ್ಲ. ನಮ್ಮ ಸಾಮಾನನ್ನು ಗೋದಾಮಿನಲ್ಲಿ ಇಳಿಸಿದ್ದರು. ಅದೇ ದಾರಿಯ ಬೇರೆ ಸಾಮಾನು ಕೂಡಿದ ಮೇಲೆ ಕಳುಹಿಸುವ ಹಂಚಿಕೆ ಲೋಡು ಅದಾಗಿತ್ತು. ಅದನ್ನು ನಮಗೆ ಹೇಳಿರಲಿಲ್ಲ. ಹೊಸ ಲೆಕ್ಕವೂ ಬಂತು: ಬಾಕಿ 6,500, ಹೆಚ್ಚುವರಿ ಸಾಮಾನಿಗೆ 9,000, ವಿಮೆಗೆ 6,000, ಜಿಎಸ್‌ಟಿ 4,770, ಒಟ್ಟು 26,270 ರೂಪಾಯಿ. ಕಟ್ಟಿದರೆ ಲಾರಿ ಹೊರಡುತ್ತದೆ, ಕಟ್ಟದಿದ್ದರೆ ದಿನಕ್ಕಿಷ್ಟು ಗೋದಾಮಿನ ಬಾಡಿಗೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಿನವೂ ಇದೇ ಮಾತಾಡುವವನ ನಿರಾಳವಿತ್ತು.

ನಾನು ತಪ್ಪಿದ್ದು ಇಲ್ಲಿ ಮತ್ತೊಮ್ಮೆ. ಅಮ್ಮ ಕುರ್ಚಿಯೊಂದನ್ನು ಮುಂದಕ್ಕೆ ತಳ್ಳುತ್ತ ಬಚ್ಚಲಿಗೆ ಹೋಗುವುದನ್ನು ಎರಡು ದಿನ ನೋಡಿದ್ದೆ. ಬುಧವಾರ 9,000 ರೂಪಾಯಿಯನ್ನು ಯುಪಿಐ ಮೂಲಕ ಕಳಿಸಿದೆ. ಹಣ ಹೋದದ್ದು ಸಂಸ್ಥೆಯ ಹೆಸರಿನ ಖಾತೆಗಲ್ಲ, ಯಾರೋ ಒಬ್ಬ ವ್ಯಕ್ತಿಯ ಖಾತೆಗೆ. ಗುರುವಾರ ಉಳಿದದ್ದನ್ನೂ ಕೇಳಿದರು. ಅಲ್ಲಿಗೆ ನಾನು ಕೊಟ್ಟದ್ದು 20,000, ಅಂದರೆ ಒಪ್ಪಿದ ಮೊತ್ತವನ್ನೂ ದಾಟಿತ್ತು. ಒಮ್ಮೆ ಬಗ್ಗಿದವನನ್ನು ಇನ್ನೊಮ್ಮೆ ಬಗ್ಗಿಸದೆ ಬಿಡುವ ವ್ಯವಹಾರ ಇದಲ್ಲ. ವಾಕರ್ ಧಾರವಾಡದಲ್ಲೇ ಹೊಸದಾಗಿ ಕೊಳ್ಳಬಹುದಿತ್ತು. ಅದು ಆ ದಿನ ಹೊಳೆಯಲಿಲ್ಲ.

ಒಲೆ ಕೊಟ್ಟ ಪಕ್ಕದ ಮನೆಯ ಹಿರಿಯರು ನಿವೃತ್ತ ವಕೀಲರೆಂದು ತಿಳಿದದ್ದು ಆ ಸಂಜೆ. “ಇನ್ನ ಒಂದ್ ರೂಪಾಯಿ ಸೈತ ಕೊಡಬ್ಯಾಡ್ರಿ. ನಡೀರಿ, ಬರದ ದೂರು ಕೊಡೂಣು” ಎಂದರು. ಇದು ಬಾಡಿಗೆಯ ಜಗಳ, ಸಿವಿಲ್ ವ್ಯವಹಾರ ಎನ್ನುವ ಉತ್ತರ ಪೊಲೀಸರಿಂದ ಬರಬಹುದೆಂದು ಅವರಿಗೆ ಗೊತ್ತಿತ್ತು. ಆದ್ದರಿಂದ ದೂರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ 3ನೇ ಉಪಕಲಮನ್ನು ಬರೆಸಿದರು. ಸಾಗಣೆದಾರನೋ ಗೋದಾಮು ಇಟ್ಟವನೋ ತನಗೆ ಒಪ್ಪಿಸಿದ ವಸ್ತುವಿನ ವಿಷಯದಲ್ಲಿ ನಂಬಿಕೆದ್ರೋಹ ಮಾಡಿದರೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದೆನ್ನುವ ಕಲಮು ಅದು. ಠಾಣೆಯಿಂದ ಒಂದು ಫೋನ್ ಹೋಯಿತು. ಸೋಮವಾರ ರಾತ್ರಿ ಹನ್ನೊಂದಕ್ಕೆ ಲಾರಿ ನಮ್ಮ ಓಣಿಗೆ ಬಂತು. ಮಗಳ ಫೋಟೊದಲ್ಲಿದ್ದ ಲಾರಿ ಅದಾಗಿರಲಿಲ್ಲ. ಇಳಿಸುವ ಕೂಲಿಯೆಂದು ಮತ್ತೆ 2,000 ಕೇಳಿದರು, ಕೊಟ್ಟೆ.

ಇಳಿದದ್ದು 38 ಪೆಟ್ಟಿಗೆ. ಮೂರು ಇಲ್ಲ, ಅವುಗಳಲ್ಲಿ ಒಂದರಲ್ಲಿ ನನ್ನ ಹೆಂಡತಿಯ ತವರಿನ ಹಿತ್ತಾಳೆ ಪಾತ್ರೆಗಳಿದ್ದವು, ಮದುವೆಯಲ್ಲಿ ಕೊಟ್ಟಿದ್ದ ಕೊಳಗವೂ ಸೇರಿ. ಚಾಲಕ ನಮ್ಮದೇ ಗುಲಾಬಿ ಹಾಳೆಯನ್ನು ತೋರಿಸಿದ. ನಗಗಳ ಸಂಖ್ಯೆಯ ಜಾಗದಲ್ಲಿ ಬೇರೆ ಶಾಯಿಯಲ್ಲಿ 38 ಎಂದು ಬರೆದಿತ್ತು, ಸಾಮಾನಿನ ಮೌಲ್ಯದ ಜಾಗದಲ್ಲಿ 20,000 ಎಂದು. ವಿಮೆಗೆ 6,000 ಕೇಳುವಾಗ ಎರಡು ಲಕ್ಷದ ಮೇಲೆ ನೂರಕ್ಕೆ ಮೂರರಂತೆ ಲೆಕ್ಕ ಹೇಳಿದವರು, ಹೊಣೆ ಹೊರುವ ಹಾಳೆಯಲ್ಲಿ ಒಂದು ಸೊನ್ನೆ ಇಳಿಸಿದ್ದರು. ಕೆಳಗೆ ನನ್ನ ಸಹಿ, ಸ್ಪಷ್ಟವಾಗಿ.

ಆ ಹಾಳೆಯ ತೂಕ ಎಷ್ಟೆಂದು ಆಮೇಲೆ ಓದಿ ತಿಳಿದುಕೊಂಡೆ. 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ ಇಂಥ ವ್ಯವಹಾರ ಮಾಡುವವರು ನೋಂದಣಿ ಪಡೆದಿರಬೇಕು. ಸಾಮಾನು ಕಳುಹಿಸುವವರು ಅದರ ವಿವರ, ಮೌಲ್ಯ ಬರೆದ ರವಾನೆ ಪತ್ರ ಕೊಡಬೇಕು, ಸಾಗಣೆದಾರ ರಸೀದಿ ಕೊಡಬೇಕು. ಎಲ್‌ಆರ್ ಎಂದು ಲಾರಿಯವರು ಕರೆಯುವುದು ಈ ರಸೀದಿಯನ್ನೇ. ರವಾನೆ ಪತ್ರದಲ್ಲಿರುವ ವಿವರ ಸರಿಯಾಗಿದೆ ಎಂಬುದಕ್ಕೆ ಹೊಣೆ ಕಳುಹಿಸಿದವರದ್ದೇ. ನಗಗಳು ಎಷ್ಟಿದ್ದವು ಎಂಬುದಕ್ಕೆ ಮೊದಲ ನೋಟದ ಸಾಕ್ಷ್ಯ, ಅಂದರೆ ತಪ್ಪೆಂದು ತೋರಿಸುವ ತನಕ ನಂಬುವ ಸಾಕ್ಷ್ಯ, ರಸೀದಿಯೇ. ಸಾಮಾನು ಹಾಳಾದರೆ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ, ಅದೂ ಬರೆದುಕೊಟ್ಟ ಮೌಲ್ಯವನ್ನು ಮೀರುವಂತಿಲ್ಲ. ನನ್ನ ವಿಷಯದಲ್ಲಿ 1,75,000 ತನಕ ಕೇಳಬಹುದಾಗಿದ್ದದ್ದು, ನಾನು ಖಾಲಿ ಬಿಟ್ಟ ಒಂದು ಚೌಕದಿಂದಾಗಿ 20,000ಕ್ಕೆ ಇಳಿಯಿತು. ನಷ್ಟಕ್ಕೆ ದಾವೆ ಹೂಡುವ ಮೊದಲು, ಬುಕಿಂಗ್ ದಿನದಿಂದ 180 ದಿನಗಳೊಳಗೆ, ಲಿಖಿತ ನೋಟಿಸು ಕೊಡಬೇಕೆಂಬುದನ್ನೂ ಅದೇ ಕಾಯ್ದೆ ಹೇಳುತ್ತದೆ. ನೋಡೋಣ, ಮಾಡೋಣ ಎನ್ನುತ್ತ ಆರು ತಿಂಗಳು ಕಳೆಯುವುದು ಕಷ್ಟವೇನಲ್ಲ, ಹೊಸ ಮನೆಯ ಕೆಲಸಗಳೇ ಅಷ್ಟಿರುತ್ತವೆ.

ವಿಮೆಯ ಮಾತಿನಲ್ಲಿ ವಿಶೇಷ ಎಚ್ಚರ ಬೇಕು. ವಿಮೆ ಕೊಡುವುದು ವಿಮಾ ಕಂಪನಿಯೇ ಹೊರತು ಲಾರಿಯವನಲ್ಲ. ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಇರುವ ಕಾಗದ ಲೋಡು ಆಗುವ ಮೊದಲೇ ನಿಮ್ಮ ಕೈಗೆ ಬರದಿದ್ದರೆ, ಕೊಟ್ಟ ಹಣ ಸಾಗಣೆಯವನ ಜೇಬಿಗೆ ಹೋಯಿತೆಂದೇ ತಿಳಿಯಬೇಕು. ಜಿಎಸ್‌ಟಿ ಎಂದರೆ ತೆರಿಗೆ ಬಿಲ್ಲು ಕೇಳಿ. ನೋಂದಣಿ ಸಂಖ್ಯೆಯಲ್ಲಿ ಅಂಕೆ, ಅಕ್ಷರ ಸೇರಿ 15 ಇರುತ್ತವೆ, ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ, ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಿನದೆಂದು ಯಾರು ಬೇಕಾದರೂ ನೋಡಬಹುದು. ನಮ್ಮ ಹಾಳೆಯ ಮೇಲಿದ್ದದ್ದನ್ನು ಬೆರಳಿಟ್ಟು ಎಣಿಸಿದೆ, ಹದಿಮೂರೇ ಇದ್ದವು. ಬ್ಯಾಂಕುಗಳ ಸಂಘದ ಮಾನ್ಯತೆ ಇದೆ ಎಂದೂ ಅದರಲ್ಲಿ ಮುದ್ರಿಸಿದ್ದರು. ಬ್ಯಾಂಕಿನವನಾದ ನನ್ನನ್ನು ಒಲಿಸಿದ್ದು ಬಹುಶಃ ಅದೇ. ಭಾರತೀಯ ಬ್ಯಾಂಕುಗಳ ಸಂಘವು ಶಿಫಾರಸು ಮಾಡಿದ ಸಾಗಣೆದಾರರ ಪಟ್ಟಿ ಇರುವುದು ನಿಜ, ಆದರೆ ಆ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡದೆ ಮುದ್ರೆಯನ್ನು ನಂಬಬಾರದು.

ಮನೆಗೆ ಬಂದು ನೋಡದವರಿಗೆ ಮುಂಗಡ ಕೊಡಬೇಡಿ. ಸಾಮಾನಿನ ಪಟ್ಟಿಯನ್ನು ನೀವೇ ಎರಡು ಪ್ರತಿ ಬರೆದು, ಅದರ ಮೇಲೆ ಅವರ ಸಹಿ ಪಡೆಯಿರಿ. ಬಾಡಿಗೆಯಲ್ಲಿ ಪ್ಯಾಕಿಂಗು, ಟೋಲು, ಹತ್ತಿಸುವ ಮತ್ತು ಇಳಿಸುವ ಕೂಲಿ, ತೆರಿಗೆ ಸೇರಿದೆಯೇ ಎಂಬುದೂ, ಪೂರ್ತಿ ಲಾರಿಯೋ ಹಂಚಿಕೆ ಲೋಡೋ ಎಂಬುದೂ, ತಲುಪಿಸುವ ದಿನವೂ ಅದರಲ್ಲೇ ಇರಲಿ. ದೊಡ್ಡ ಪಾಲು ಹಣವನ್ನು ಸಾಮಾನು ಇಳಿದ ಮೇಲೆ ಕೊಡುವ ಮಾತಿಗೆ ಒಪ್ಪದವರನ್ನು ಅಲ್ಲಿಗೇ ಬಿಡಿ. ಮುಂದೆ ಬಾಗಿಲಿರುವ ವಾಷಿಂಗ್ ಮಷೀನಿನ ಹಿಂಬದಿಗೆ, ಕೊಳ್ಳುವಾಗ ಜೊತೆಗೆ ಬಂದ ಸಾಗಣೆ ಬೋಲ್ಟುಗಳನ್ನು ಹಾಕಿಸದೆ ಲಾರಿ ಹತ್ತಿಸಿದರೆ ಒಳಗಿನ ಡ್ರಮ್ಮು ಜೋಲಾಡಿ ಕೆಡುತ್ತದೆ. ನಮ್ಮದು ಕೆಟ್ಟಿತು, ರಿಪೇರಿಗೆ 7,800 ಆಯಿತು. ಬೋಲ್ಟುಗಳು ಅಡುಗೆಮನೆಯ ಡ್ರಾಯರಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿದ್ದವು. ಔಷಧಿ, ದಾಖಲೆ, ಒಡವೆ, ಹಿರಿಯರು ದಿನವೂ ಬಳಸುವ ವಸ್ತು, ಇವನ್ನು ಬೇರೆ ಇಟ್ಟರೆ ಸಾಲದು, ಹಿಂದಿನ ದಿನವೇ ಮನೆಯಿಂದ ಹೊರಗೆ, ಸಂಬಂಧಿಕರ ಮನೆಯಲ್ಲೋ ನಿಮ್ಮ ಕಾರಿನಲ್ಲೋ ಇರಿಸಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ದಾಖಲಿಸಿದೆ. ಸಾಗಣೆಯವರಿಂದ ಉತ್ತರ ಬರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಪಾವತಿಸಿದ ಮೊತ್ತ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷಗಳ ಅವಧಿಯಿದೆ. ಮಗಳು ತೆಗೆದ ಎರಡು ಫೋಟೊ, ಯುಪಿಐ ಪಾವತಿಯ ವಿವರ, ಗುಲಾಬಿ ಹಾಳೆಯ ಪ್ರತಿ ಸೇರಿಸಿ ದೂರು ಸಿದ್ಧಪಡಿಸಿದ್ದೇನೆ. ಅದಕ್ಕೂ ಮೊದಲು ಕಳಿಸಿದ ಲಿಖಿತ ನೋಟಿಸು, ಆ ವಿಳಾಸದಲ್ಲಿ ಅಂಥವರು ಯಾರೂ ಇಲ್ಲ ಎಂಬ ಅಂಚೆಯವರ ಷರಾದೊಂದಿಗೆ ಕಳೆದ ವಾರ ಹಿಂತಿರುಗಿತು. ಹಾಳೆಯ ಮೇಲಿನ ಕಚೇರಿ ವಿಳಾಸ ನಮ್ಮ ವಿಜಯನಗರದ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಆಷಾಢ ಕಳೆಯುವ ತನಕ ಒಂದು ತಿಂಗಳು ಸುಮ್ಮನೆ ಕುಳಿತಿದ್ದವನು, ಒಂದು ಸಂಜೆ ಅತ್ತ ನಡೆದು ಹೋಗಿ ಅಲ್ಲೊಂದು ಕಚೇರಿ ಇದೆಯೇ ಎಂದು ನೋಡಿ ಬರಲಿಲ್ಲ.