ಬಣ್ಣದ ಚಿತ್ರಕ್ಕಿಂತ ಅಳತೆಯ ನಕ್ಷೆಯೇ ಕೆಲಸಕ್ಕೆ ಬಂತು: ದೂರದಿಂದಲೇ ಕೋಣೆ ಸಜ್ಜುಗೊಳಿಸುವ ಸೇವೆಯೊಂದರ ವಿಮರ್ಶೆ

16 ಅಡಿ ಉದ್ದ, 11 ಅಡಿ ಅಗಲದ ನಮ್ಮ ಹಾಲ್ ಬಹಳ ವರ್ಷಗಳಿಂದ ಒಂದೇ ರೀತಿ ಇತ್ತು. ಗೋಡೆಗೆ ಅಂಟಿಕೊಂಡ ಸೋಫಾ, ಕುಳಿತವರ ಕೈಗೆ ಎಟುಕದಷ್ಟು ದೂರದಲ್ಲಿ ಟೀಪಾಯಿ, ನೆತ್ತಿಯ ಮೇಲೊಂದು ಬಿಳಿ ಟ್ಯೂಬ್‌ಲೈಟು. ಕೊಳಕೇನೂ ಇರಲಿಲ್ಲ, ಸಾಮಾನುಗಳೂ ಚೆನ್ನಾಗಿಯೇ ಇದ್ದವು. ಆದರೂ ಮನೆಯವರೆಲ್ಲ ಅದನ್ನು ದಾಟಿಕೊಂಡು ಒಳಕೋಣೆಗೆ ಹೋಗುತ್ತಿದ್ದರೇ ಹೊರತು ಅಲ್ಲಿ ಕುಳಿತು ಒಂದು ಪುಟ ಓದುತ್ತಿರಲಿಲ್ಲ. ಇದನ್ನು ಸರಿಪಡಿಸಬೇಕೆಂದು, ಮನೆಗೆ ಬಾರದೆ, ನಾವು ಕಳುಹಿಸುವ ಅಳತೆ ಮತ್ತು ಫೋಟೊಗಳನ್ನೇ ನೆಚ್ಚಿಕೊಂಡು ವಿನ್ಯಾಸ ಮಾಡಿಕೊಡುವ ಅಂತರ್ಜಾಲದ ಸೇವೆಯೊಂದನ್ನು ಪಡೆದೆವು. ಸಂಸ್ಥೆಯ ಹೆಸರು ಇಲ್ಲಿ ಬೇಡ. ಈ ಬಗೆಯ ಸೇವೆಗಳು ಸಾಮಾನ್ಯವಾಗಿ ಕೊಡುವ ನಾಲ್ಕು ವಸ್ತುಗಳೇ ನಮಗೂ ಬಂದವು: ಬಣ್ಣ ಮತ್ತು ಬಟ್ಟೆಗಳ ಮಾದರಿ ಹಾಳೆ, ಕಂಪ್ಯೂಟರಿನಲ್ಲಿ ರಚಿಸಿದ ಮೂರು ಆಯಾಮದ ಚಿತ್ರ, ಅಳತೆ ಹಾಕಿದ ನೆಲನಕ್ಷೆ ಮತ್ತು ಕೊಳ್ಳಬೇಕಾದ ಸಾಮಾನುಗಳ ಪಟ್ಟಿ. ನಾಲ್ಕರ ಗುಣವೂ ಒಂದೇ ಮಟ್ಟದಲ್ಲಿರಲಿಲ್ಲವೆಂಬ ಕಾರಣಕ್ಕೇ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಬಂದದ್ದು ಉದ್ದನೆಯ ಪ್ರಶ್ನಾವಳಿ. ಇಷ್ಟದ ಬಣ್ಣ ಯಾವುದು, ಯಾವ ಶೈಲಿ ಮೆಚ್ಚುಗೆ ಎಂಬಂಥ ಪ್ರಶ್ನೆಗಳಿಗೆ ನಾವು ಕೊಟ್ಟ ಉತ್ತರಗಳಿಂದ ಯಾರಿಗೂ ಏನೂ ತಿಳಿದಿರಲಾರದು. ಎರಡು ಪ್ರಶ್ನೆಗಳು ಮಾತ್ರ ನಿಜಕ್ಕೂ ಚೆನ್ನಾಗಿದ್ದವು. ಸಂಜೆ ಏಳರಿಂದ ಹತ್ತರವರೆಗೆ ಈ ಕೋಣೆಯಲ್ಲಿ ಯಾರು, ಎಲ್ಲಿ ಕುಳಿತು, ಏನು ಮಾಡುತ್ತಾರೆ ಎಂಬುದು ಒಂದು. ಹೊರಗಿನಿಂದ ಬಂದವರ ಕೈಯಲ್ಲಿರುವ ಚೀಲ, ಬೀಗದ ಕೈ, ಫೋನಿನ ಚಾರ್ಜರು ಎಲ್ಲಿ ಬೀಳುತ್ತವೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಬರೆಯಲು ಹೊರಟಾಗಲೇ ನಮ್ಮ ಹಾಲ್‌ನಲ್ಲಿ ಸಂಜೆ ಯಾರೂ ಏನೂ ಮಾಡುತ್ತಿಲ್ಲವೆಂಬುದು ಅರಿವಿಗೆ ಬಂತು.

ಅಳತೆ ತೆಗೆಯುವ ಹೊಣೆ ಗ್ರಾಹಕರದೇ. ಈ ಹಂತವನ್ನು ಹಗುರವಾಗಿ ತೆಗೆದುಕೊಂಡವರು ಮುಂದೆ ಪರದಾಡುವುದು ಖಂಡಿತ. ಉದ್ದ ಅಗಲಗಳ ಜೊತೆಗೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದು ಕಳುಹಿಸಿ ಎಂದು ಅವರ ಸೂಚನೆಯಲ್ಲಿತ್ತು. 16 ಅಡಿಗೆ 11 ಅಡಿಯ ಕೋಣೆ ಸರಿಯಾದ ಆಯತವಾಗಿದ್ದರೆ ಎರಡು ಕರ್ಣಗಳೂ ಸುಮಾರು 19 ಅಡಿ 5 ಇಂಚು ಬರಬೇಕು. ನಮ್ಮಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎರಡು ಇಂಚಿನ ವ್ಯತ್ಯಾಸ ಬಂತು. ಗೋಡೆಗಳು ಮೂಲೆಯಲ್ಲಿ ಲಂಬಕೋನಕ್ಕೆ ಕೂಡುತ್ತಿಲ್ಲ ಎಂದು ಅದರ ಅರ್ಥ. ಮೂಲೆಗೆ ಅಳವಡಿಸಿ ಮಾಡಿಸಬೇಕೆಂದಿದ್ದ ಕಪಾಟಿನ ಬೆನ್ನಲ್ಲಿ ಕೈಬೆರಳು ತೂರುವಷ್ಟು ಸಂದು ಉಳಿಯುತ್ತಿತ್ತು. ಆ ಕಪಾಟನ್ನು ಅವರು ಮೂಲೆ ಬಿಟ್ಟು ಉದ್ದಗೋಡೆಯ ನಡುವಿಗೆ ಸರಿಸಿದ್ದು ಈ ಲೆಕ್ಕ ನೋಡಿಯೇ. ಟೇಪಿನಿಂದ ಐದು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟು ಬೆಲೆಯಿದೆಯೆಂದು ನನಗೆ ಗೊತ್ತಿರಲಿಲ್ಲ.

ಮೂರು ಆಯಾಮದ ಚಿತ್ರ ಬಂದ ದಿನ ಮನೆಯಲ್ಲಿ ಸಂಭ್ರಮವೋ ಸಂಭ್ರಮ. ನನಗೆ ಈ ಸೇವೆಯ ಮೇಲಿರುವ ಮುಖ್ಯ ದೂರು ಆ ಚಿತ್ರದ ಬಗ್ಗೆಯೇ. ಕೋಣೆ ಚಿತ್ರದಲ್ಲಿ ನಮ್ಮ ಹಾಲ್‌ಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತಿತ್ತು. ಇಂಥ ಚಿತ್ರಗಳಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಅಗಲವಾದ ನೋಟವನ್ನು ಹಿಡಿಯುವ ಮಸೂರದ ಲೆಕ್ಕವನ್ನು ಬಳಸುತ್ತಾರೆ. ಎಷ್ಟೋ ವೇಳೆ ಆ ಕಲ್ಪಿತ ಕ್ಯಾಮೆರಾ ಗೋಡೆಯ ಆಚೆಗೆ, ಯಾವ ಮನುಷ್ಯನೂ ನಿಲ್ಲಲಾಗದ ಜಾಗದಲ್ಲಿ ನಿಂತಿರುತ್ತದೆ. ಕಿಟಕಿಯಿಂದ ಸದಾ ಇಳಿಬಿಸಿಲು. ಸ್ವಿಚ್‌ಬೋರ್ಡ್ ಇಲ್ಲ, ವೈರಿಲ್ಲ, ಗೋಡೆಯ ಮೇಲಿನ ಎಸಿ ಕೂಡ ಮಾಯ. ನಮ್ಮ ಕಿಟಕಿಗೆ ಬೆಳಗ್ಗೆ ಎರಡು ಗಂಟೆ ಬಿಟ್ಟರೆ ನೇರ ಬಿಸಿಲು ಬೀಳುವುದಿಲ್ಲವೆಂದು ಪ್ರಶ್ನಾವಳಿಯಲ್ಲಿ ಬರೆದಿದ್ದರೂ ಚಿತ್ರ ಬರೆದವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮನೆಮಂದಿಯನ್ನು ಒಪ್ಪಿಸಲು ಚಿತ್ರ ಒಳ್ಳೆಯದು, ಅದನ್ನು ನೋಡಿ ಸಾಮಾನು ಕೊಳ್ಳುವುದು ಕೆಟ್ಟದ್ದು.

ನೆಲನಕ್ಷೆ ನೋಡಲು ಬೋಳಾಗಿತ್ತು, ಆದರೆ ಕೋಣೆಯನ್ನು ಬದಲಿಸಿದ್ದು ಅದೇ. ಅಡ್ಡಗಲದ ಲೆಕ್ಕ ಹೀಗಿತ್ತು: ಗೋಡೆಯಿಂದ ಸೋಫಾದ ಬೆನ್ನಿಗೆ 8 ಇಂಚು, ಸೋಫಾದ ಆಳ 36, ಸೋಫಾಕ್ಕೂ ಟೀಪಾಯಿಗೂ ನಡುವೆ 16, ಟೀಪಾಯಿ 20, ಓಡಾಡುವ ದಾರಿಗೆ 38, ಎದುರುಗೋಡೆಯ ತಗ್ಗು ಕಪಾಟಿಗೆ 14. ಕೂಡಿದರೆ 132 ಇಂಚು, ಅಂದರೆ ಸರಿಯಾಗಿ 11 ಅಡಿ. ಚಿಕ್ಕ ಕೋಣೆಯಲ್ಲಿ ಸೋಫಾವನ್ನು ಗೋಡೆಯಿಂದ ಈಚೆಗೆ ಎಳೆಯುವುದೆಂದರೆ ಜಾಗ ಹಾಳು ಮಾಡಿದಂತೆ ಎಂದು ನಾನು ವಾದಿಸಿದ್ದೆ. ಆದರೆ ಆ 8 ಇಂಚಿನಲ್ಲಿ ಕಿಟಕಿ ಪರದೆ ನೆಟ್ಟಗೆ ಇಳಿಯುತ್ತದೆ, ಉದ್ದ ಕಾಲಿನ ದೀಪದ ವೈರು ಕಾಣದಂತೆ ಹೋಗುತ್ತದೆ, ಟೀಪಾಯಿ ತಾನಾಗಿ ಕೈಗೆ ಹತ್ತಿರವಾಗುತ್ತದೆ. ನಡುವಿನ 16 ಇಂಚು ಕೂಡ ಸುಮ್ಮನೆ ಹಾಕಿದ ಅಂಕಿಯಲ್ಲ. 14ಕ್ಕಿಂತ ಕಡಿಮೆಯಾದರೆ ಮೊಣಕಾಲು ತಗಲುತ್ತದೆ, 18 ದಾಟಿದರೆ ಲೋಟ ಇಡಲು ಬಗ್ಗಬೇಕಾಗುತ್ತದೆ. ನಕ್ಷೆಯಲ್ಲಿದ್ದುದನ್ನೆಲ್ಲ ಬಣ್ಣ ಬಳಿಯುವವರು ಬಳಸುವ ಮಾಸ್ಕಿಂಗ್ ಟೇಪಿನಿಂದ ನೆಲದ ಮೇಲೆ ಅಂಟಿಸಿ, ಎರಡು ದಿನ ಆ ಗೆರೆಗಳ ನಡುವೆ ಓಡಾಡಿ ನೋಡಿದೆವು. ಆಗಲೇ ತಪ್ಪೊಂದು ಸಿಕ್ಕಿತು: ಒಳಬಾಗಿಲು ತೆರೆದುಕೊಳ್ಳುವಾಗ ಅದರ ಅಂಚು ನೆಲದ ಮೇಲೆ ಸುತ್ತುವ ಕಮಾನನ್ನು ಅವರು ನಕ್ಷೆಯಲ್ಲಿ ತೋರಿಸಿರಲಿಲ್ಲ, ಬಾಗಿಲು ಕಪಾಟಿನ ಅಂಚಿಗೆ ಬಡಿಯುತ್ತಿತ್ತು. ತಿಳಿಸಿದ ಮರುದಿನವೇ ಕಪಾಟಿನ ಉದ್ದ ಕತ್ತರಿಸಿ ಹೊಸ ನಕ್ಷೆ ಕಳುಹಿಸಿದರು, ಮರುಮಾತಾಡಲಿಲ್ಲ.

ಸಾಮಾನಿನ ಪಟ್ಟಿಗೆ ಮಾತ್ರ ಈ ತಿದ್ದುಪಡಿ ತಲುಪಲೇ ಇಲ್ಲ. ಅದರಲ್ಲಿ ಹಳೆಯ ಅಳತೆಯ ಕಪಾಟೇ ಉಳಿದಿತ್ತು. ಸಾಲದೆಂಬಂತೆ, ಅವರು ಸೂಚಿಸಿದ್ದ ಸೋಫಾದ ಆಳ 40 ಇಂಚಿತ್ತು. ನಕ್ಷೆ ಮಾಡುವವರು ಒಬ್ಬರು, ಪಟ್ಟಿ ಮಾಡುವವರು ಇನ್ನೊಬ್ಬರು, ಇಬ್ಬರೂ ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡುವುದಿಲ್ಲ ಎಂದು ನನ್ನ ಅನುಮಾನ. ಪಟ್ಟಿಯನ್ನು ಬದಿಗಿಟ್ಟು, ನಕ್ಷೆಯ ಅಂಕಿಗಳನ್ನು ಜೇಬಿನಲ್ಲಿಟ್ಟುಕೊಂಡು ನಾವೇ ಹುಡುಕಿ ಕೊಂಡೆವು.

ಬೆಳಕಿನ ವಿಚಾರದಲ್ಲಿ ಈ ಸೇವೆಗೆ ಪೂರ್ಣ ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ. ನಮ್ಮ ಹಳೆಯ ಟ್ಯೂಬ್‌ಲೈಟು ಬೆಳಕಿನ ಛಾಯೆಯ ಅಳತೆಯಲ್ಲಿ 6500 ಕೆಲ್ವಿನ್‌ನದು, ಮೋಡ ಕವಿದ ಹಗಲಿನ ನೀಲಿಛಾಯೆಯ ಬಿಳುಪು. ಅದರ ಬದಲಿಗೆ 2700 ಕೆಲ್ವಿನ್‌ನ, ಅಂದರೆ ಹಿಂದಿನ ತಂತಿ ಬಲ್ಬಿನ ಹೊಂಬಣ್ಣಕ್ಕೆ ಹತ್ತಿರದ ಎಲ್‌ಇಡಿ ದೀಪಗಳನ್ನು ಮೂರು ಎತ್ತರಗಳಲ್ಲಿ ಹಂಚಿದರು: ಸೂರಿನ ಕಡೆಗೆ ಮುಖ ಮಾಡಿದ ಮೆದು ಬೆಳಕು, ಸೋಫಾದ ಭುಜದ ಹಿಂದೆ ಓದುವ ದೀಪ, ಕಪಾಟಿನ ಮೇಲಿನ ಚಿತ್ರಕ್ಕೆ ಒಂದು ಸಣ್ಣ ದೀಪ. ಎಷ್ಟು ವಿದ್ಯುತ್ ಬೇಕೆಂದು ಹೇಳುವ ವ್ಯಾಟ್ ನೋಡಬೇಡಿ, ಎಷ್ಟು ಬೆಳಕು ಹೊಮ್ಮುತ್ತದೆಂದು ಹೇಳುವ ಲ್ಯೂಮೆನ್ ನೋಡಿ ಎಂಬುದು ಅವರ ಮೊದಲ ಸೂಚನೆ. ಹಳೆಯ 60 ವ್ಯಾಟ್ ಬಲ್ಬಿನ ಬೆಳಕಿಗೆ ಸುಮಾರು 800 ಲ್ಯೂಮೆನ್ ಸಾಕು. ಓದುವ ದೀಪಕ್ಕೆ ಅವರು ಬರೆದದ್ದು ಬರೀ 450. ಸಾಲದು ಎಂದುಕೊಂಡೆ, ಸಾಕಾಯಿತು. ಚಿಕ್ಕ ದೀಪವೊಂದರ ದೂರವನ್ನು ಅರ್ಧಕ್ಕೆ ಇಳಿಸಿದರೆ ಪುಟದ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುವುದರಿಂದ, ಭುಜದ ಪಕ್ಕದ ಸಣ್ಣ ದೀಪವು ಸೂರಿನ ದೊಡ್ಡ ದೀಪವನ್ನು ಸುಲಭವಾಗಿ ಮೀರಿಸುತ್ತದೆ. ದೀಪದ ಟೊಪ್ಪಿಗೆಯ ಕೆಳ ಅಂಚು ಕುಳಿತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಸುಮಾರು 40 ಇಂಚಿಗೆ ಬರಬೇಕೆಂದೂ ಬರೆದಿದ್ದರು. ಬಲ್ಬು ಕಣ್ಣಿಗೆ ಚುಚ್ಚದೆ ಪುಟ ಮಾತ್ರ ಬೆಳಗುವ ಗುಟ್ಟು ಅಷ್ಟೇ.

ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ 90 ಅಥವಾ ಹೆಚ್ಚು ಎಂದಿರಲಿ ಎಂಬ ಸೂಚನೆಯನ್ನೂ ಪಾಲಿಸಿದೆವು. ದೀಪದ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆಂದು ಹೇಳುವ ಈ ಅಂಕಿ ಎಂಟು ತಿಳಿಬಣ್ಣಗಳ ಪರೀಕ್ಷೆಯ ಸರಾಸರಿ; ಗಾಢ ಕೆಂಪು ಆ ಎಂಟರಲ್ಲಿ ಸೇರಿಲ್ಲ, ಅದಕ್ಕೆ ಆರ್9 ಎಂಬ ಬೇರೆ ಅಂಕಿಯಿದೆ. ಮರದ ಸಾಮಾನು, ಕೆಂಪು ನೆಲಹಾಸು ಇರುವವರು ಅದನ್ನೂ ನೋಡಿ ಕೊಳ್ಳುವುದು ಒಳ್ಳೆಯದು. ಬೆಳಕು ತಗ್ಗಿಸುವ ಡಿಮ್ಮರ್ ಹಾಕಿಸುವುದಾದರೆ ಅದಕ್ಕೆ ಹೊಂದುವ ಬಲ್ಬೇ ಬೇಕೆಂಬುದನ್ನು ಹೇಳಲು ಅವರು ಮರೆತಿದ್ದರು. ನಮ್ಮ ಮೊದಲ ಬಲ್ಬು ಎರಡು ಸಂಜೆ ಮಿಣಮಿಣ ಎಂದು ನಮ್ಮ ಕಣ್ಣು ನೋಯಿಸಿದ ಮೇಲೆ ಕಾರಣ ತಿಳಿಯಿತು.

ಗೋಡೆಗೆ ಸೂಚಿಸಿದ್ದು ತಿಳಿ ಬೂದು. ಕಂಪ್ಯೂಟರಿನ ಪರದೆಯ ಮೇಲೆ ನೋಡಿದ ಬಣ್ಣವನ್ನು ನಂಬದೆ, ದಪ್ಪ ರಟ್ಟಿಗೆ ಎರಡು ಕೋಟ್ ಬಳಿದು, ಒಣಗಿಸಿ, ಬೆಳಗ್ಗೆ ಕಿಟಕಿಯ ಬಳಿ, ರಾತ್ರಿ ದೀಪದ ಕೆಳಗೆ ಹಿಡಿದು ನೋಡಿದೆವು. ಗೋಡೆಯ ಮಟ್ಟಿಗೆ ಅದು ಗೆದ್ದಿತು. ಸೋತದ್ದು ದಿಂಬಿನ ಗವಸು ಮತ್ತು ಕಿಟಕಿ ಪರದೆ. ಅಂಗಡಿಯಲ್ಲಿ ಒಂದರ ಮೇಲೊಂದು ಇಟ್ಟಾಗ ಎರಡೂ ಒಂದೇ ಹಸಿರು. ಮನೆಯಲ್ಲಿ ದೀಪ ಹಾಕಿದರೆ ಒಂದು ಹಸಿರಾಗಿಯೇ ಉಳಿಯಿತು, ಇನ್ನೊಂದು ಕಂದಿಗೆ ತಿರುಗಿತು. ಬೇರೆ ಬೇರೆ ರಂಗುಗಳಿಂದ ಬಣ್ಣ ಹಾಕಿದ ಬಟ್ಟೆಗಳು ಒಂದು ಬೆಳಕಿನಲ್ಲಿ ಕೂಡಿ ಇನ್ನೊಂದರಲ್ಲಿ ಬೇರೆಯಾಗುವುದು ಬಟ್ಟೆಯವರಿಗೆಲ್ಲ ಗೊತ್ತಿರುವ ಸಂಗತಿ. ಗೋಡೆಯ ಬಣ್ಣವನ್ನೇ ಬದಲಿಸಬೇಕೇ ಎಂದು ಗಾಬರಿಯಿಂದ ಕೇಳಿದಾಗ, ವಿನ್ಯಾಸಕಿ ಗೋಡೆಯನ್ನು ಮುಟ್ಟಬೇಡಿ, ಅದರ ನೆರೆಯಲ್ಲಿರುವುದನ್ನು ಬದಲಿಸಿ ಎಂದರು. ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರೆಲ್, ಕಪ್ಪು ದಾರ ಮಂಕಾಗಿದೆಯೆಂಬ ದೂರಿನ ಬೆನ್ನು ಹತ್ತಿ, ದೋಷ ಬಣ್ಣದಲ್ಲಿಲ್ಲ, ಪಕ್ಕದಲ್ಲಿ ನೇಯ್ದ ನೀಲಿಯಂಥ ಬಣ್ಣಗಳ ಸಹವಾಸದಲ್ಲಿದೆ ಎಂದು ಕಂಡುಕೊಂಡು, 1839ರಲ್ಲಿ ಅದನ್ನು ನಿಯಮವಾಗಿ ಪ್ರಕಟಿಸಿದ್ದು ನನಗೆ ಆಗ ನೆನಪಾಯಿತು. ಪರದೆಯನ್ನು ಉಳಿಸಿಕೊಂಡು ಗವಸನ್ನು ಮಣ್ಣುಗೆಂಪಿಗೆ ಬದಲಿಸಿದೆವು. ಅದೇ ಬೂದು ಗೋಡೆ ಈಗ ಸ್ವಲ್ಪ ತಣ್ಣಗೆ, ಸ್ವಚ್ಛವಾಗಿ ಕಾಣುತ್ತದೆ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಗೋಡೆಗೆ ತೂಗುಹಾಕುವ ಚಿತ್ರದ ನಡುಬಿಂದು ನೆಲದಿಂದ 57 ಇಂಚಿಗೆ ಬರಲಿ ಎಂಬ ಸಲಹೆ ಸರಿಯಾಗಿತ್ತು; ಹಿಂದೆ ಅದನ್ನು ನಾವು ಕತ್ತೆತ್ತಿ ನೋಡಬೇಕಿತ್ತು. ನೆಲಹಾಸು ಸೋಫಾದ ಮುಂಗಾಲುಗಳ ಕೆಳಗೆ ಹೋಗುವಷ್ಟಾದರೂ ದೊಡ್ಡದಿರಲಿ ಎಂದದ್ದೂ ಸರಿ. ಅಲಂಕಾರಕ್ಕೆಂದು ಸೂಚಿಸಿದ್ದ ಖಾಲಿ ಹೂದಾನಿಗಳ ಸಾಲನ್ನು ಕೈಬಿಟ್ಟೆವು, ಅಲ್ಲಿ ಪುಸ್ತಕಗಳಿವೆ.

ಅಳತೆ ತೆಗೆಯುವ ತಾಳ್ಮೆಯಿರುವವರಿಗೆ, ತಿದ್ದುಪಡಿ ಕೇಳಲು ಸಂಕೋಚಪಡದವರಿಗೆ ಈ ಬಗೆಯ ಸೇವೆಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಎಲ್ಲವನ್ನೂ ಅವರೇ ನಿಂತು ಮಾಡಿಸಲಿ ಎನ್ನುವವರು ಮನೆಗೆ ಬಂದು ನೋಡುವವರನ್ನೇ ಹುಡುಕಬೇಕು. ಹಣ ಕೊಡುವ ಮುನ್ನ ಎಷ್ಟು ಸಲ ತಿದ್ದಿಕೊಡುತ್ತಾರೆ, ಬಾಗಿಲು ತೆರೆಯುವ ದಿಕ್ಕು ಮತ್ತು ಸ್ವಿಚ್‌ಬೋರ್ಡುಗಳು ನಕ್ಷೆಯಲ್ಲಿ ಇರುತ್ತವೆಯೇ, ಬಲ್ಬುಗಳ ವಿವರವನ್ನು ಪ್ರತ್ಯೇಕವಾಗಿ ಬರೆದುಕೊಡುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ನಾವು ಮಲಗುವ ಕೋಣೆಯ ಅಳತೆಯನ್ನು ಹೋದ ವಾರ ಅವರಿಗೇ ಕಳುಹಿಸಿದ್ದೇವೆ, ಕರ್ಣಗಳೂ ಬಾಗಿಲಿನ ಕಮಾನೂ ಸೇರಿದಂತೆ. ಮೂರು ಆಯಾಮದ ಚಿತ್ರ ಬೇಡವೆಂದು ಬರೆದಿದ್ದೆ. ಅದು ಉಚಿತವಾಗಿಯೇ ಬರುತ್ತದೆ ಎಂದು ಉತ್ತರಿಸಿದ್ದಾರೆ.